ಹದಿನಾರಾಣೆ ಹೆದರಿಕೆ

ಕುಷ್ಟಗಿ ಬಸ್ ನಿಲ್ದಾಣದಲ್ಲಿ ನಾನು ಬಹಳ ವರ್ಷ ಕಂಟ್ರೋಲರ್ ಆಗಿದ್ದೆ. ಬಂದ ಬಸ್ಸು, ಹೋದ ಬಸ್ಸು ಗುರುತು ಹಾಕಿಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಗೇಟಿನ ಹತ್ತಿರ ಬಂದು ನಮ್ಮ ಪ್ರಯಾಣಿಕರನ್ನು ತುಂಬಿಕೊಳ್ಳುವ ಟ್ರ್ಯಾಕ್ಸ್ ಜೀಪಿನವರನ್ನು ಬೈದು ಓಡಿಸುವುದು ನನ್ನ ಕೆಲಸ. ಇದರಲ್ಲಿ ಮೈಕಿನ ಕೆಲಸವೆಂದರೆ ನನಗೆ ಪ್ರಾಣ. ನನ್ನ ದನಿಯ ಬಗ್ಗೆ ನನಗೆ ಸ್ವಲ್ಪ ಸೊಕ್ಕಿತ್ತು, ಈಗಲೂ ಇದೆ. "ಪ್ರಯಾಣಿಕರ ಗಮನಕ್ಕೆ" ಎಂದು ನಾನು ಶುರು ಮಾಡಿದರೆ ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಿದ್ದವರು ಬಾಯಿ ಆಡಿಸುವುದನ್ನು ನಿಲ್ಲಿಸುತ್ತಿದ್ದರು. ಗಂಗಾವತಿ, ಕೊಪ್ಪಳ, ಯಲಬುರ್ಗಾ ಎಂದು ನಾನು ಕೂಗುವ ರೀತಿ ಕೇಳಿದರೆ ಕೆಲಸವಿಲ್ಲದವನಿಗೂ ಒಂದು ಸಲ ಹೋಗಿ ಬರೋಣ ಅನ್ನಿಸಬೇಕು.

ಹೀಗೆ ಊರನ್ನೆಲ್ಲ ಬಸ್ಸು ಹತ್ತಿಸುತ್ತಿದ್ದ ನನಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಜೊತೆಗೆ ಯಾರಾದರೂ ಇದ್ದರೆ ಸರಿ. ಒಬ್ಬನೇ ಹತ್ತಬೇಕೆಂದರೆ ಫುಟ್‌ಬೋರ್ಡಿನ ಮೇಲೆ ಕಾಲಿಡುವ ಮೊದಲೇ ಎದೆ ಡವಡವ ಹೊಡೆದುಕೊಂಡು, ಅಂಗೈ ಒದ್ದೆಯಾಗಿ, ಇವತ್ತು ನನ್ನ ಕತೆ ಮುಗಿಯಿತು ಎನ್ನಿಸುತ್ತಿತ್ತು.

ಇದು ಶುರುವಾದದ್ದು ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ ತೊಂಬತ್ತೇಳರಲ್ಲಿ. ಆಗ ನಾನಿನ್ನೂ ಕಂಡಕ್ಟರ್. ರಾಯಚೂರಿಗೆ ಅಲೆಯುವ ಕಷ್ಟ ತಪ್ಪಿತೆಂದು ಜನಕ್ಕೆ ಹಿಗ್ಗೋ ಹಿಗ್ಗು. ಕೆಲಸ ಇರಲಿ, ಬಿಡಲಿ, ಹೊಸ ಜಿಲ್ಲೆ ನೋಡಿ ಬರೋಣ ಎಂದು ಬಸ್ಸು ತುಂಬ ಹೊರಡುತ್ತಿದ್ದರು. ಒಂದು ಮಧ್ಯಾಹ್ನ ಯಲಬುರ್ಗಾ ದಾರಿಯಲ್ಲಿ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಬಿಗಿಯಿತು. ಉಸಿರು ಸಿಗಲಿಲ್ಲ. ಕೈ ಜೋಮು ಹಿಡಿಯಿತು. ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಡ್ರೈವರ್ ನನ್ನ ಮುಖ ನೋಡಿದವನೇ ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ಬಸ್ಸನ್ನು ನೇರವಾಗಿ ಯಲಬುರ್ಗಾದ ಆಸ್ಪತ್ರೆಗೆ ತಂದು ನಿಲ್ಲಿಸಿದ. ಒಬ್ಬ ಪ್ರಯಾಣಿಕನೂ ತಕರಾರು ಮಾಡಲಿಲ್ಲ. ತಕರಾರು ಹಾಗಿರಲಿ, ಅಷ್ಟೂ ಜನ ಇಳಿದು ವಾರ್ಡಿನೊಳಗೆ ಬಂದು ನನ್ನ ಮಂಚದ ಸುತ್ತ ನಿಂತರು. ಒಬ್ಬರು ಪಿತ್ತ ಅಂದರು, ಒಬ್ಬರು ಬಿಸಿಲು ಅಂದರು, ಒಬ್ಬ ಅಜ್ಜಿ ದೃಷ್ಟಿ ಎಂದು ಖಚಿತವಾಗಿ ಹೇಳಿ ಸೆರಗಿನಿಂದಲೇ ನಿವಾಳಿಸಿದಳು. ಡಾಕ್ಟರು ಕಷ್ಟಪಟ್ಟು ಜನರ ನಡುವೆ ತೂರಿ ಬಂದು ನೋಡಿ, ಏನೂ ಇಲ್ಲ ಅಂದರು. ಆಮೇಲೆ ಗಂಗಾವತಿಗೆ ಹೋಗಿ ಎದೆಯ ಇಸಿಜಿ ಪಟ್ಟಿ ತೆಗೆಸಿದೆ. ಅಲ್ಲಿಯೂ ಏನೂ ಇಲ್ಲ ಅಂದರು. ಇಷ್ಟು ದೊಡ್ಡ ಜಡ್ಡಿಗೆ ಏನೂ ಇಲ್ಲ ಎನ್ನುತ್ತಾರಲ್ಲ ಎಂದು ನನಗೆ ಒಳಗೊಳಗೇ ಅವಮಾನವಾಯಿತು.

ಏನೂ ಇಲ್ಲದ್ದು ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಬಸ್ಸಿನಲ್ಲೇ. ಕಂಟ್ರೋಲರ್ ಹುದ್ದೆ ಖಾಲಿಯಾದಾಗ ಸಾಹೇಬರ ಕೈಕಾಲು ಹಿಡಿದು ಅಲ್ಲಿ ಕುಳಿತೆ. ಮನೆಯಿಂದ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರ. ಬಸ್ಸಿನ ಸಹವಾಸ ತಪ್ಪಿತು ಅಂದುಕೊಂಡೆ. ಆದರೆ ಮನುಷ್ಯನೆಂದ ಮೇಲೆ ಕೊಪ್ಪಳದಲ್ಲಿ ಮೀಟಿಂಗು, ಹಿಟ್ನಾಳದಲ್ಲಿ ಮದುವೆ, ಯಲಬುರ್ಗಾದಲ್ಲಿ ಸತ್ತವರ ಮನೆ ತಪ್ಪುತ್ತದೆಯೇ? ಮೊದಮೊದಲು ಹೆಂಡತಿ ಜೊತೆಗೆ ಬರುತ್ತಿದ್ದಳು. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಆ ಕೆಲಸ ಅವಳ ಪಾಲಿಗೆ ಬಂತು.

ಒಬ್ಬಳೇ ಮಗಳು. ಅಪ್ಪನನ್ನು ಮೀಟಿಂಗಿಗೆ ಕರೆದುಕೊಂಡು ಹೋಗಲು ಶಾಲೆಗೆ ರಜೆ ಹಾಕುತ್ತಿದ್ದ ಮಗು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ನನ್ನ ಕೈ ಹಿಡಿದು, ದಾರಿಯುದ್ದಕ್ಕೂ ಮಗ್ಗಿ ಕೇಳುತ್ತಿದ್ದಳು. ಹತ್ತೊಂಬತ್ತರ ಮಗ್ಗಿ ನನಗೆ ಈಗಲೂ ಸರಾಗವಾಗಿ ಬರುವುದು ಅದರ ದೆಸೆಯಿಂದ. ಕೊಪ್ಪಳದ ಕಚೇರಿಯಲ್ಲಿ ಅವಳು ಹೊರಗಿನ ಬೆಂಚಿನ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದರೆ ಸಾಹೇಬರು, "ಯಾಕ್ರಿ, ಹುಡುಗಿನ್ನ ಕರಕೊಂಡ ಬಂದೀರಿ?" ಎಂದು ಕೇಳುತ್ತಿದ್ದರು. "ಹೊಸಾ ಜಿಲ್ಲಾ ತೋರಸಾಕರಿ" ಎನ್ನುತ್ತಿದ್ದೆ. ಜಿಲ್ಲೆ ಹಳೆಯದಾಗುತ್ತ ಬಂದರೂ ನನ್ನ ಉತ್ತರ ಬದಲಾಗಲಿಲ್ಲ.

ಅವಳು ಹತ್ತನೇ ತರಗತಿಗೆ ಬಂದಾಗ ಗಣಿತದ ಮಾಸ್ತರರು ನಿಲ್ದಾಣಕ್ಕೇ ಬಂದು, ಹುಡುಗಿ ಭಾರಿ ಚುರುಕು, ಗಂಗಾವತಿಯ ಕಾಲೇಜಿನಲ್ಲಿ ಸೈನ್ಸಿಗೆ ಹಾಕಿ, ಹಾಸ್ಟೆಲ್ಲೂ ಇದೆ ಎಂದು ಹೇಳಿ ಹೋದರು. ಅವಳಿಗೂ ಅದೇ ಹುಚ್ಚು. ಡಿಪೋಕ್ಕೆ ಹೋದರೆ ಮೆಕ್ಯಾನಿಕ್ಕುಗಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಎಂಜಿನ್ನಿನೊಳಗೆ ಇಣುಕುವವಳು. ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ವಿಷಯ ತೆಗೆದೆ.

"ನನಗ ಸೈನ್ಸ್ ಬ್ಯಾಡಪಾ. ಇಲ್ಲೇ ಆರ್ಟ್ಸ್ ತಗೋತೀನಿ" ಎಂದಳು. ತಟ್ಟೆಯಿಂದ ತಲೆ ಎತ್ತಲಿಲ್ಲ.

ನಾನು ಪೆದ್ದ. ಹುಡುಗರಿಗೆ ಗಳಿಗೆಗೊಂದು ಮನಸ್ಸು ಅಂದುಕೊಂಡು ಇನ್ನೊಂದು ರೊಟ್ಟಿ ಮುರಿದೆ. ಅವಳು ಕೈ ತೊಳೆಯಲು ಹೋದ ಮೇಲೆ ಹೆಂಡತಿ ನನ್ನ ಮುಖ ದಿಟ್ಟಿಸಿ ನೋಡಿದಳು. "ಆಕಿ ಯಾಕ ಬ್ಯಾಡ ಅಂತಾಳ, ತಿಳೀತೇನ ನಿಮಗ? ಆಕಿ ಹೋದ್ರ ನಿಮ್ಮ ಜೋಡಿ ಯಾರ ಅಡ್ಡಾಡಬೇಕು ಅಂತ."

ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟೆ. ನನ್ನ ಜಡ್ಡು ನನ್ನದು ಅಂದುಕೊಂಡಿದ್ದೆ. ಅದು ಮಗಳ ಬೆನ್ನ ಮೇಲೆ ಕುಳಿತು ವರ್ಷಗಳಾಗಿದ್ದವು. ತುಂಬ ನಾಚಿಕೆಯಾಯಿತು. ಮಾರನೆಯ ದಿನ ಮಗಳನ್ನು ಕೂರಿಸಿಕೊಂಡು ಕೇಳಿದಾಗ ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. "ಅಪ್ಪಾ, ನೀ ಒಬ್ಬನ ಗಂಗಾವತಿಗೆ ಹೋಗಿ ಬಾ. ಹೋಗಿ ಬಂದಿ ಅಂದ್ರ ನಾ ಸೈನ್ಸಿಗೆ ಹೋಗ್ತೀನಿ. ಇಲ್ಲಂದ್ರ ಇಲ್ಲ." ಪರೀಕ್ಷೆ ಅವಳದ್ದು ಮಾತ್ರ ಅಂದುಕೊಂಡಿದ್ದ ನನಗೂ ಆ ವರ್ಷ ಒಂದು ಪರೀಕ್ಷೆ ಬಂದು ಕುಳಿತಿತು.

ಅದೇ ಚಳಿಗಾಲದಲ್ಲಿ ನಮ್ಮೂರ ಸರಕಾರಿ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ಶುರುವಾಯಿತು. ಆತಂಕ, ಖಿನ್ನತೆ ಇರುವವರಿಗೆ ಗುಳಿಗೆಯಿಂದ ಎಷ್ಟು ಗುಣ, ಮಾತು ಮತ್ತು ಅಭ್ಯಾಸದಿಂದ ಎಷ್ಟು ಗುಣ ಎಂದು ಹೋಲಿಸಿ ನೋಡುವುದು. ಅಲ್ಲಿನ ಡಾಕ್ಟರು ನನ್ನ ಜಡ್ಡಿನ ಕತೆ ಕೇಳಿ, ಇದು ಎದೆಯದಲ್ಲ, ಆತಂಕದ್ದು ಎಂದು ನನ್ನ ಹೆಸರನ್ನೂ ಹಚ್ಚಿದರು. ಯಾರಿಗೆ ಗುಳಿಗೆ, ಯಾರಿಗೆ ಮಾತು ಎಂಬುದು ಡಾಕ್ಟರ ಇಷ್ಟವೂ ಅಲ್ಲ, ನಮ್ಮ ಇಷ್ಟವೂ ಅಲ್ಲ. ನರ್ಸಮ್ಮ ಒಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. ಕೈ ಹಾಕಿ ಚೀಟಿ ಎತ್ತಬೇಕು. ನನಗೆ ಮಾತು ಬಂತು. ಗುಳಿಗೆ ಬಂದ ಒಬ್ಬ ಮುದುಕನ ಜೊತೆ ಬದಲಾಯಿಸಿಕೊಳ್ಳಲು ನೋಡಿದೆ. ನರ್ಸಮ್ಮ ನನ್ನ ಕೈಗೆ ಹೊಡೆದಳು.

ಮಾತಿನ ಕಡೆಯವರಿಗೆ ಒಬ್ಬಳು ಮೇಡಂ. ಮೈಸೂರು ಕಡೆಯ ಹುಡುಗಿ. ಈ ಸಂಶೋಧನೆಯ ಮೇಲೆಯೇ ಅವಳ ಪಿಎಚ್.ಡಿ. ನಿಂತಿತ್ತು. ನಮ್ಮ ಬಿಸಿಲಿಗೆ ಮುಖ ಕೆಂಪಾಗಿ, ನಮ್ಮ ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು, ಆದರೂ ನಗುತ್ತ ಕೂರುವವಳು. ನಾನು ಮೊದಲ ದಿನವೇ ಹೇಳಿಬಿಟ್ಟೆ. "ಮಾತಾಡಿ ಜಡ್ಡ ಹೋಗೋದಿದ್ರ ನಮ್ಮ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬರಿಗೂ ಜಡ್ಡ ಇರ್ತಿದ್ದಿಲ್ರಿ ಮೇಡಂರ."

"ಮಾತು ಅಂದ್ರೆ ಬರೀ ಮಾತಲ್ಲ ಸರ್, ಹೋಂವರ್ಕ್ ಇರುತ್ತೆ" ಎಂದಳು. ಮನೆಯಲ್ಲಿ ಮಗಳಿಗೆ ಹೋಂವರ್ಕು, ಆಸ್ಪತ್ರೆಯಲ್ಲಿ ನನಗೆ ಹೋಂವರ್ಕು.

ನನ್ನ ಪಕ್ಕದ ಬೆಂಚಿನಲ್ಲಿ ಯಲಬುರ್ಗಾ ಕಡೆಯ ಒಬ್ಬ ಹೆಂಗಸು ಕೂರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ, ತಲೆ ಬಾಚಿರುವುದಿಲ್ಲ, ಗೋಡೆ ನೋಡುತ್ತ ಕೂತರೆ ಕೂತಳೇ. ಅವಳದು ಖಿನ್ನತೆ, ನಿಮ್ಮದು ಆತಂಕ, ಎರಡೂ ಅಕ್ಕತಂಗಿಯರಿದ್ದ ಹಾಗೆ ಎಂದು ಮೇಡಂ ಹೇಳಿದಳು. ಅವಳಿಗೆ ಕೊಟ್ಟ ಹೋಂವರ್ಕು ಕೇಳಿ ನಾನು ನಕ್ಕಿದ್ದೆ. ಮನಸ್ಸು ಬರಲಿ ಆಮೇಲೆ ಕೆಲಸ ಮಾಡೋಣ ಎಂದು ಕಾಯಬಾರದಂತೆ. ಕೆಲಸ ಮೊದಲು, ಮನಸ್ಸು ಹಿಂದಿನಿಂದ ಬರುತ್ತದಂತೆ. ಹಿಂದೆ ಕೌದಿ ಹೊಲಿಯುತ್ತಿದ್ದ ಹೆಂಗಸಿಗೆ ದಿನಕ್ಕೊಂದು ತುಂಡು ಬಟ್ಟೆ ಹಚ್ಚಿ ಹೊಲಿ ಎಂದು ಮೇಡಂ ಹೇಳಿದ್ದಳು. ಬೇಸಿಗೆಯ ಹೊತ್ತಿಗೆ ಆ ಹೆಂಗಸು ಎರಡು ಮಂಚಕ್ಕಾಗುವ ಕೌದಿ ಹೊತ್ತು ತಂದು ನರ್ಸಮ್ಮನ ಜೊತೆ ಜೋರು ದನಿಯಲ್ಲಿ ಜಗಳವಾಡುವುದನ್ನು ನೋಡಿದ ಮೇಲೆ ನಾನು ನಗುವುದನ್ನು ಬಿಟ್ಟೆ.

ನನ್ನ ವಿಷಯದಲ್ಲಿ ಮೇಡಂ ಹೇಳಿದ್ದು ಇಷ್ಟು. ಹೆದರಿಕೆ ಬಂದಾಗ ನೀವು ಓಡುತ್ತೀರಿ, ಓಡಿದ್ದಕ್ಕೇ ಬದುಕಿದೆ ಎಂದು ನಿಮ್ಮ ದೇಹ ನಂಬುತ್ತದೆ. ಓಡದೆ ಅಲ್ಲೇ ಕುಳಿತರೆ ಅದು ಏರಿ, ನಿಂತು, ತಾನಾಗಿಯೇ ಇಳಿಯುತ್ತದೆ. "ಇದು ನನ್ನ ಮಾತಲ್ಲ ಸರ್. ಎಷ್ಟೋ ಜನ ಎಷ್ಟೋ ವರ್ಷ ಪರೀಕ್ಷೆ ಮಾಡಿ ನೋಡಿರೋದು." ಆಮೇಲೆ, ಸೊನ್ನೆಯಿಂದ ನೂರರವರೆಗೆ ನಿಮ್ಮ ಹೆದರಿಕೆ ಎಷ್ಟು ಎಂದು ಕೇಳಿದಳು.

ನೂರರ ಲೆಕ್ಕ ನನ್ನ ಬಾಯಿಗೆ ಬರಲಿಲ್ಲ. ನಮ್ಮಲ್ಲಿ ಬೆಳೆ ಎಷ್ಟು ಬಂತು ಎನ್ನುವುದನ್ನೂ ಆಣೆಯಲ್ಲೇ ಹೇಳುತ್ತೇವೆ. ಎಂಟಾಣೆ ಬೆಳೆ ಅಂದರೆ ಅರ್ಧ, ಹದಿನಾರಾಣೆ ಅಂದರೆ ಪೂರ್ತಿ. "ಒಬ್ಬನ ಬಸ್ ಹತ್ತೋದಂದ್ರ ಹದಿನಾರಾಣೇರಿ. ನಿಂತ ಬಸ್ಸಿನ್ಯಾಗ ಕುಂಡ್ರೋದಂದ್ರ ನಾಕಾಣೆ" ಎಂದೆ. ಮೇಡಂ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಖುಷಿಯಾಗಿ, ಅವತ್ತಿನಿಂದ ಎಲ್ಲರನ್ನೂ ಆಣೆಯಲ್ಲೇ ಕೇಳತೊಡಗಿದಳು. ಅವಳ ಗೈಡಿಗೆ ಅದನ್ನು ಹೇಗೆ ತಿಳಿಸಿ ಹೇಳಿದಳೋ ದೇವರೇ ಬಲ್ಲ.

ನಾಕಾಣೆಯಿಂದ ಶುರು ಮಾಡಿದೆವು. ಡಿಪೋದಲ್ಲಿ ನಿಂತ ಬಸ್ಸಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಕೂರುವುದು. ಮೆಕ್ಯಾನಿಕ್ಕುಗಳು ಕಿಟಕಿಯಿಂದ ನೋಡಿ, ಸಾಹೇಬರು ಬಸ್ಸಿನ ಸೀಟು ಪರೀಕ್ಷೆ ಮಾಡುತ್ತಿದ್ದಾರೆ ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಿದರು. ಆಮೇಲೆ ಊರ ಹೊರಗಿನ ಮೊದಲ ಸ್ಟಾಪಿನವರೆಗೆ. ಆಮೇಲೆ ಮಗಳು ಹಿಂದಿನ ಸೀಟಿನಲ್ಲಿ, ನಾನು ಮುಂದಿನ ಸೀಟಿನಲ್ಲಿ, ಮಗ್ಗಿ ಇಲ್ಲ.

ಒಂದು ಉಪಾಯವನ್ನೂ ಮೇಡಂ ಹೇಳಿಕೊಟ್ಟಳು. "ಸರ್, ನೀವು ದಿನಾ ಎಷ್ಟು ಬಸ್ ಅನೌನ್ಸ್ ಮಾಡ್ತೀರ? ಅನೌನ್ಸ್ ಮಾಡಿದ ಬಸ್ಸನ್ನೆಲ್ಲ ನೀವು ಹತ್ತುತ್ತೀರಾ? ಹೆದರಿಕೆ ಬಂದಾಗಲೂ ಅನೌನ್ಸ್ ಮಾಡಿಬಿಡಿ. ಬಂದಿದೆ ಅಂತ ಹೇಳಿ, ಹೋಗೋಕೆ ಬಿಡಿ." ನನಗದು ಭಾರಿ ಹಿಡಿಸಿತು. ಎದೆ ಹೊಡೆದುಕೊಳ್ಳಲು ಶುರುವಾದರೆ ಮನಸ್ಸಿನಲ್ಲೇ ಮೈಕು ಹಿಡಿದು, "ಪ್ರಯಾಣಿಕರ ಗಮನಕ್ಕೆ, ಹೆದರಿಕೆಯ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ, ಸ್ವಲ್ಪ ಹೊತ್ತಿನಲ್ಲಿ ಹೊರಡಲಿದೆ" ಎಂದು ಕೂಗುತ್ತಿದ್ದೆ. ಕೆಲವು ಸಲ ಹೊರಡಲು ತಡ ಮಾಡುತ್ತಿತ್ತು. ನಮ್ಮ ಬಸ್ಸುಗಳೂ ಅಷ್ಟೇ.

ಮಗಳ ಪರೀಕ್ಷೆ ಮುಗಿಯುವ ಹೊತ್ತಿಗೆ ನಾನು ಒಬ್ಬನೇ ತಾವರಗೇರಾಕ್ಕೆ ಹೋಗಿ ಬಂದೆ. ಗಂಗಾವತಿ ದಾರಿಯಲ್ಲಿ ಅದು ಮೊದಲ ದೊಡ್ಡ ಊರು. ಎಷ್ಟು ಸಲೀಸು ಅಂತೀರಿ! ಮುಂದಿನ ಸೀಟು ಖಾಲಿಯಿತ್ತು. ಡ್ರೈವರ್ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನು ನೋಡಿ ನಗುತ್ತಿದ್ದ. ತಾವರಗೇರಾದಲ್ಲಿ ಇಳಿಯುತ್ತಲೇ ಚಹಾದ ಅಂಗಡಿಯವನು ಕರೆಯದೇ ಬಂದು ಕೈಗೆ ಚಹಾ ಕೊಟ್ಟ. ಹೆದರಿಕೆ ನಾಕಾಣೆಯನ್ನೂ ಮುಟ್ಟಲಿಲ್ಲ. ಮುಂದಿನ ವಾರ ಇನ್ನೂ ಮುಂದೆ, ಕನಕಗಿರಿಗೆ ಹೋದೆ. ಅಲ್ಲಿಯೂ ಇಡೀ ಊರೇ ನನಗೆ ಒಲಿದಂತಿತ್ತು. ಅಪರಿಚಿತನೊಬ್ಬ ಎದುರಿಗೆ ಬಂದು "ಆರಾಮ ಅದೀರಲ್ರಿ?" ಎಂದು ಕೇಳಿ ಹೋದ. ಜಡ್ಡು ಹೋದ ಮನುಷ್ಯನಿಗೆ ಜಗತ್ತೇ ಛಲೋ ಕಾಣುತ್ತದೆ ಎಂದು ನಾನು ತತ್ವಜ್ಞಾನಿಯ ಹಾಗೆ ಮೀಸೆ ತಿರುವಿದೆ.

ಅಷ್ಟರಲ್ಲಿ ಒಬ್ಬ ಎಳೆಯ ಕಂಡಕ್ಟರ್, ಕೆಲಸಕ್ಕೆ ಹೊಸಬ, ಓಡುತ್ತ ಬಂದ. "ಸರ್, ಕನಕಗಿರಿ ಮುಟ್ಟಿದ್ರು ಅಂತ ಮನಿಗೆ ಫೋನ್ ನಾ ಮಾಡ್ಲ್ಯೋ, ನೀವ ಮಾಡ್ತೀರೋ?"

"ಯಾರ ಮನಿಗೋ?"

"ನಿಮ್ಮ ಮನಿಗ್ರಿ. ಅಕ್ಕಾರ ದಾರಿ ಕಾಯ್ತಿರ್ತಾರಲ್ರಿ."

ಎಲ್ಲ ಬಯಲಾಯಿತು. ನನ್ನ ಹೆಂಡತಿ ಗಿರಣಿಯಲ್ಲಿ ಜೋಳ ಬೀಸಿಸುವಾಗ ಒಬ್ಬ ಡ್ರೈವರನ ಹೆಂಡತಿಗೆ, "ಇವರು ಒಬ್ಬರ ಹೊಂಟಾರವಾ, ಸ್ವಲ್ಪ ನೋಡಿಕೊಳ್ಳಾಕ ಹೇಳು" ಎಂದಿದ್ದಳು. ಅಷ್ಟೇ ಸಾಕಾಯಿತು. ಡ್ರೈವರನಿಂದ ಡಿಪೋಕ್ಕೆ, ಡಿಪೋದಿಂದ ದಾರಿಯ ಊರುಗಳ ಚಹಾದಂಗಡಿಗಳಿಗೆ ಸುದ್ದಿ ಹೋಗಿತ್ತು. ಮುಂದಿನ ಸೀಟಿಗೆ ಯಾರೋ ಟವೆಲ್ ಹಾಸಿ ಜಾಗ ಹಿಡಿದಿದ್ದರು. ಆರಾಮ ಇದ್ದೀರಾ ಎಂದು ಕೇಳಿದ ಅಪರಿಚಿತ ಕನಕಗಿರಿಯ ಒಬ್ಬ ಡ್ರೈವರನ ಮಾವ. ಒಬ್ಬನೇ ಹೋಗಿ ಬರುವ ಅಭ್ಯಾಸಕ್ಕೆ ನಾನು ಅರ್ಧ ತಾಲೂಕನ್ನು ಜೊತೆಗೆ ಕಟ್ಟಿಕೊಂಡು ತಿರುಗಿದ್ದೆ.

ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೂಗಾಡಿದೆ. ಮಾನ ಕಳೆದೆ, ಡಿಪೋದವರ ಮುಂದೆ ಕೂಸು ಮಾಡಿದೆ ಎಂದೆಲ್ಲ ಅಂದೆ. ಹೆಂಡತಿ ಸುಮ್ಮನೆ ಕೇಳುವವಳಲ್ಲ. ಆದರೆ ಅವತ್ತು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು: "ಆವತ್ತ ಯಲಬುರ್ಗಾ ಆಸ್ಪತ್ರ್ಯಾಗ ಮಲಗಿದಾಗ ನೀವು ನಿಮ್ಮ ಎದಿ ಹಿಡ್ಕೊಂಡಿದ್ರಿ. ನಾ ಏನ ಹಿಡ್ಕೋಬೇಕಿತ್ತು? ಕೂಸ ಬಗಲಾಗಿತ್ತು. ಅವತ್ತಿಂದ ನೀವು ಹೊರಗ ಕಾಲಿಟ್ರ ನನಗ ಒಂದ ತುತ್ತ ಇಳಿಯಂಗಿಲ್ಲ. ನನ್ನ ಯಾರರ ಕೇಳ್ಯಾರೇನ?"

ನಿಜಕ್ಕೂ ಯಾರೂ ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ.

ಮೇಡಂಗೆ ವಿಷಯ ತಿಳಿದಾಗ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ಮನೆಯವರು ಹೀಗೆ ಸಹಾಯ ಮಾಡಿದ್ರೆ ಹೆದರಿಕೆ ಹೋಗಲ್ಲ ಅಂತ ಪುಸ್ತಕದಲ್ಲಿದೆ ಸರ್. ಆದ್ರೆ ಒಂದು ಇಡೀ ಡಿಪೋ ಸಹಾಯ ಮಾಡಿದ್ರೆ ಏನು ಮಾಡ್ಬೇಕು ಅಂತ ಯಾವ ಪುಸ್ತಕದಲ್ಲೂ ಇಲ್ಲ." ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು, "ಇವರು ಒಬ್ಬರೇ ಗಂಗಾವತಿಗೆ ಹೋದ್ರೆ ನಿಮ್ಮ ಹೆದರಿಕೆ ಎಷ್ಟಾಣೆ ಅಮ್ಮಾ?"

"ಹದಿನಾರಾಣೇರಿ. ಇವರದಕ್ಕಿಂತ ಒಂದಾಣೆ ಹೆಚ್ಚ ಇದ್ರೂ ಇರಬೇಕು" ಎಂದಳು. ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡಳು. ಆಮೇಲೆ ಯಾಕೋ ನಕ್ಕಳು.

ಅವತ್ತು ಇಬ್ಬರಿಗೂ ಹೋಂವರ್ಕು ಬಿತ್ತು. ನಾನು ಗಂಗಾವತಿಗೆ ಹೋಗಿ ಬರಬೇಕು. ಅವಳು ಯಾರಿಗೂ ಹೇಳಬಾರದು, ಎಲ್ಲಿಗೂ ಫೋನ್ ಮಾಡಬಾರದು, ನಾನು ಬಂದ ಮೇಲೆ ಏನಾದರೂ ಆಯಿತಾ ಎಂದು ಕೇಳಲೂ ಬಾರದು. "ನಿಮ್ಮದೇ ಕಷ್ಟದ್ದು" ಎಂದು ಮೇಡಂ ಅವಳಿಗೆ ಹೇಳಿದಳು. ಹೆಂಡತಿ ನನ್ನ ಕಡೆ ನೋಡಿದ ನೋಟದಲ್ಲಿ ಸ್ವಲ್ಪ ಗತ್ತಿತ್ತು.

ಇನ್ನು ಉಳಿದದ್ದು ಒಂದೇ ತೊಡಕು. ನನ್ನ ಗುರುತಿಲ್ಲದ ಬಸ್ಸು ಆ ದಾರಿಯಲ್ಲಿ ಇರಲಿಲ್ಲ. ಯಾವ ಬಸ್ಸು ಹತ್ತಿದರೂ ಟವೆಲ್ ಹಾಸಿದ ಸೀಟು ತಪ್ಪಿದ್ದಲ್ಲ. ಯೋಚಿಸಿ ಯೋಚಿಸಿ, ಕೊನೆಗೆ ನನ್ನ ಬದುಕಿನಲ್ಲೇ ಮಾಡಬಾರದು ಅಂದುಕೊಂಡಿದ್ದ ಕೆಲಸಕ್ಕೆ ಕೈ ಹಾಕಿದೆ. ಒಂದು ಬೆಳಿಗ್ಗೆ ರಜೆ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು, ಊರ ಹೊರಗಿನ ಕ್ರಾಸಿಗೆ ನಡೆದು ಹೋಗಿ ಟ್ರ್ಯಾಕ್ಸಿಗೆ ಕೈ ಮಾಡಿದೆ.

ಜೀಪು ನಿಂತಿತು. ಡ್ರೈವರ್ ನನ್ನ ಮುಖ ನೋಡಿ ಬಿಳಿಚಿಕೊಂಡ. ನಾನು ಗೇಟಿನಿಂದ ಅದೆಷ್ಟೋ ಸಲ ಓಡಿಸಿದ ಮನುಷ್ಯ. "ಸಾಹೇಬ್ರ, ಇನ್ಮ್ಯಾಲೆ ಗೇಟಿನ ಕಡೆ ಹಾಯಂಗಿಲ್ರಿ. ಇದೊಂದ ಸಲ ಬಿಟ್ಟಬಿಡ್ರಿ."

"ಹಿಡಿಯಾಕ ಬಂದಿಲ್ಲೋ ಮಾರಾಯ, ಹತ್ತಾಕ ಬಂದೀನಿ. ಗಂಗಾವತಿಗೆ."

ಅವನು ನಂಬಲಿಲ್ಲ. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದುದು ಪ್ರೀತಿಯಿಂದಲ್ಲ. ನನ್ನ ಹೆದರಿಕೆಗಿಂತ ಅವನದೇ ಹೆಚ್ಚಿತ್ತು. ತಾವರಗೇರಾ ದಾಟುವವರೆಗೆ ಅದೇ ನನಗೆ ಮಜವಾಗಿತ್ತು.

ತಾವರಗೇರಾ ದಾಟಿದ ಮೇಲೆ ನನ್ನದು ಬಂತು. ನಿಜವಾದದ್ದು, ಹದಿನಾರಾಣೆಯದು. ಎದೆ ಬಿಗಿಯಿತು, ಕೈ ಜೋಮು ಹಿಡಿಯಿತು, ಕಿವಿಯಲ್ಲಿ ಗುಂಯ್ ಎಂದಿತು. ಎದುರಿನ ಸೀಟಿನಲ್ಲಿ ಯಾರೋ, ಪಕ್ಕದಲ್ಲಿ ಯಾರೋ, ಒಬ್ಬರಿಗೂ ನನ್ನ ಗುರುತಿಲ್ಲ. ನಿಲ್ಲಿಸಪ್ಪಾ ಎಂದು ಬಾಯಿ ತೆರೆದೆ. ಅಂದಿದ್ದರೆ ಡ್ರೈವರ್ ಕೈ ಮುಗಿದು ಇಳಿಸುತ್ತಿದ್ದ. ಆಗ ತಟ್ಟೆಯಿಂದ ತಲೆ ಎತ್ತದೆ "ನನಗ ಸೈನ್ಸ್ ಬ್ಯಾಡಪಾ" ಎಂದ ಮಗಳು ನೆನಪಾದಳು. ತೆರೆದ ಬಾಯಿಯಿಂದ ಬೇರೆಯೇ ಮಾತು ಹೊರಟಿತು, ಅದೂ ನನ್ನ ಮೈಕಿನ ದನಿಯಲ್ಲಿ. "ಪ್ರಯಾಣಿಕರ ಗಮನಕ್ಕೆ! ಎರಡನೇ ಅಂಕಣದಲ್ಲಿ ಬಸ್ಸು ನಿಂತಿದೆ, ಸ್ವಲ್ಪ ಹೊತ್ತಿನಲ್ಲಿ ಹೊರಡಲಿದೆ!"

ಜೀಪಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಶ್ರೀರಾಮನಗರಕ್ಕೆ ಹೊರಟಿದ್ದ ತೆಲುಗು ಮುದುಕಿಯೊಬ್ಬಳು ಎದುರಿಗಿದ್ದಳು. "ಯಾವ ಬಸ್ಸಯ್ಯಾ? ಇದಿ ಜೀಪು ಕದಾ!" ಎಂದಳು.

ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ನನಗೂ ತಡೆಯಲಾಗಲಿಲ್ಲ. ನಗುತ್ತಿದ್ದರೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಮುದುಕಿ ತನ್ನ ಮೊಮ್ಮಗನ ಮದುವೆಯ ಕತೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳತೊಡಗಿದಳು. ಹನ್ನೆರಡಾಣೆಯಾಯಿತು, ಎಂಟಾಣೆಯಾಯಿತು. ಕನಕಗಿರಿ ಬಂದಾಗ ನಾನು ಹುಡುಗಿಯ ಕಡೆಯವರ ತಪ್ಪೇನು ಎಂದು ಅವಳೊಂದಿಗೆ ವಾದ ಮಾಡುತ್ತಿದ್ದೆ. ಹೆದರಿಕೆ ಯಾವಾಗ ಇಳಿದು ಹೋಯಿತೋ ನೋಡಲಿಲ್ಲ.

ಗಂಗಾವತಿಯಲ್ಲಿ ಇಳಿದಾಗ ಸಂತೋಷ ತಡೆಯಲಾರದಷ್ಟಿತ್ತು. ಅಕ್ಕಿ ಗಿರಣಿಗಳ ತೌಡಿನ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ವಿಚಾರಿಸುತ್ತ ಹೋಗಿ ಕಾಲೇಜಿನ ಗೇಟಿನ ಎದುರಿನ ಅಂಗಡಿಯಲ್ಲಿ ಕುಳಿತು ಚಹಾ ಕುಡಿದೆ. ಆ ಚಹಾವನ್ನು ಯಾರೂ ಕರೆಯದೇ ತಂದು ಕೊಡಲಿಲ್ಲ. ಕೂಗಿ ಕೂಗಿ ತರಿಸಿಕೊಳ್ಳಬೇಕಾಯಿತು. ಬರುವಾಗ ನಮ್ಮ ಬಸ್ಸಿನಲ್ಲೇ ಬಂದೆ. ಕಂಡಕ್ಟರ್ ಬಾಯಿ ಬಿಟ್ಟುಕೊಂಡು, "ಸರ್, ನೀವು ಇಲ್ಲಿ ಹ್ಯಾಂಗ? ಯಾರೂ ನಮಗ ಹೇಳಲೇ ಇಲ್ಲ" ಎಂದ. ಆಗ ಹೆಂಡತಿಯ ಬಗ್ಗೆ ನನಗೆ ಬಂದ ಅಭಿಮಾನ ಇಲ್ಲಿ ಬರೆಯಲು ಬರುವುದಿಲ್ಲ.

ಮನೆಗೆ ಬಂದರೆ ಅಂಗಳದಲ್ಲಿ ಪಕ್ಕದ ಮನೆಯ ಹೆಂಗಸರು ಸೇರಿದ್ದರು. "ಯಾರ ಮದಿವಿರಿ?" ಎಂದು ನನ್ನನ್ನೇ ಕೇಳಿದರು. ಒಳಗೆ ಹೋಗಿ ನೋಡಿದೆ. ಹಾಸಿದ ಬಿಳಿ ಪಂಚೆಯ ಮೇಲೆ ಜೋಳದ ರೊಟ್ಟಿ, ಬುಟ್ಟಿಯಲ್ಲಿ ರೊಟ್ಟಿ, ಮಂಚದ ಮೇಲೆ ರೊಟ್ಟಿ. ನಾನು ಮನೆ ಬಿಟ್ಟಾಗಿನಿಂದ ಹೆಂಡತಿ ಒಲೆ ಮುಂದಿನಿಂದ ಎದ್ದಿರಲಿಲ್ಲ. ಫೋನಿನ ಕಡೆ ಕೈ ಹೋಗಬಾರದೆಂದು ಕೈಯನ್ನು ಹಿಟ್ಟಿನಲ್ಲೇ ಇಟ್ಟುಕೊಂಡಿದ್ದಳಂತೆ. ನನ್ನನ್ನು ನೋಡಿದಳು. ಕೇಳಬೇಕೆಂದಿದ್ದದ್ದು ತುಟಿಯವರೆಗೆ ಬಂದದ್ದು ನನಗೆ ಕಂಡಿತು. ತುಟಿ ಕಚ್ಚಿಕೊಂಡಳು.

"ಕೈಕಾಲ ತೊಳ್ಕೊಳ್ರಿ. ಬಿಸಿ ರೊಟ್ಟಿ ಅದಾವು" ಎಂದಳು.

ಮಗಳು ಮೂಲೆಯಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಕಾಲೇಜಿನ ಗೇಟಿಗೆ ಯಾವ ಬಣ್ಣ ಎಂದು ಪರೀಕ್ಷೆ ಮಾಡುವಂತೆ ಕೇಳಿದಳು. ಹಸಿರು ಎಂದೆ. ಓಡಿ ಬಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಹೊರಗೆ ಹೋದಳು.

ಜೂನಿನಲ್ಲಿ ಸೀಟು ಸಿಕ್ಕಿತು. ಅಷ್ಟರಲ್ಲಿ ನಾನು ಎರಡು ಸಲ ಹೋಗಿ ಫೀಸು, ಹಾಸ್ಟೆಲ್ಲು, ಗಾದಿ, ಬಕೆಟ್ಟು ಎಲ್ಲ ಮುಗಿಸಿ ಬಂದಿದ್ದೆ. ಹೊರಡುವ ದಿನ ಅವಳೇ ಹೇಳಿದಳು: "ಯಾರೂ ಜೋಡಿ ಬರಬ್ಯಾಡ್ರಿ. ನಾ ಒಬ್ಬಕೇ ಹೋಗ್ತೀನಿ." ಅವಳ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಒಣಗಿದ ರೊಟ್ಟಿ ಇದ್ದವು. ಆವತ್ತಿನ ರೊಟ್ಟಿ ಇನ್ನೂ ಮುಗಿದಿರಲಿಲ್ಲ.

ನಾನು ಡ್ಯೂಟಿಯಲ್ಲಿದ್ದೆ. ಹೆಂಡತಿ ನನ್ನ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದಳು. ಮೈಕು ಹಿಡಿದು ತಾವರಗೇರಾ, ಕನಕಗಿರಿ, ಗಂಗಾವತಿ ಎಂದು ಕೂಗಿದೆ. ಕನಕಗಿರಿಯ ಹತ್ತಿರ ದನಿ ಒಡೆಯಿತು, ಗಟ್ಟಿ ಮಾಡಿಕೊಂಡೆ. ಮಗಳು ಕಿಟಕಿಯಿಂದ ಕೈ ಬೀಸಿದಳು. ಆ ಕೈಯಲ್ಲಿ ಇವತ್ತು ನನ್ನ ಕೈ ಇರಲಿಲ್ಲ. ಬಸ್ಸು ಗೇಟು ದಾಟಿ ತಿರುಗಿತು.

ತಿರುಗಿದ ಮರುಕ್ಷಣ ನನ್ನ ಕೈ ಫೋನಿನ ಮೇಲಿತ್ತು. ತಾವರಗೇರಾದ ಕಂಟ್ರೋಲರಿಗೆ ಒಂದು ಮಾತು ಹೇಳಿದರೆ ಸಾಕು, ಸ್ವಲ್ಪ ನೋಡಿಕೊಳ್ಳಪ್ಪಾ, ಹುಡುಗಿ ಒಬ್ಬಳೇ ಇದ್ದಾಳೆ ಎಂದು. ರಿಸೀವರ್ ಎತ್ತಿದೆ. ತಲೆ ಎತ್ತಿ ನೋಡಿದರೆ ಕಿಟಕಿಯಾಚೆ ಹೆಂಡತಿ ನನ್ನನ್ನೇ ನೋಡುತ್ತಿದ್ದಾಳೆ.

"ಎಷ್ಟಾಣೆ?" ಎಂದು ಕೇಳಿದಳು.

"ಹದಿನಾರಾಣೆ."

"ನಂದೂ ಅಷ್ಟ" ಎಂದಳು.

ರಿಸೀವರನ್ನು ಇದ್ದಲ್ಲಿ ಇಟ್ಟೆ. ಅವಳು ಒಳಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅಷ್ಟರಲ್ಲಿ ಯಲಬುರ್ಗಾ ಬಸ್ಸು ಬಂದು ನಿಂತಿತು, ನಾನು ಮೈಕು ಹಿಡಿದೆ.